ಹೊಸ್ತಿಲಿನ ಈಚೆ ಒಂದು, ಆಚೆ ಒಂದು

ಎರಡು ಕಲ್ಲು. ನಾನು ಇಡದೇ ಹೋದದ್ದು ಅಷ್ಟೇ. ಒಂದು ಹೊಸ್ತಿಲಿನ ಒಳಗಡೆ, ಒಂದು ಹೊರಗಡೆ. ಒಂದೊಂದೂ ಎರಡು ಗೇಣು ಉದ್ದ, ನಾಲ್ಕು ಬೆರಳು ಎತ್ತರ ಇದ್ದರೆ ಸಾಕಿತ್ತು. ನಾನು ಗೌಂಡಿ. ಮುಂಬಯಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇನ್ನೊಬ್ಬರ ಮನೆಗೆ ಗೋಡೆ ಎಬ್ಬಿಸಿದವನು, ನೆಲ ಹಾಸಿದವನು. ಆ ಎರಡು ಕಲ್ಲು ಕೂರಿಸಲು ನನಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅಕ್ಕ ಬಾಯಿಬಿಟ್ಟು ಕೇಳಿದಳು. ನಾನು ಇಡಲಿಲ್ಲ. ಇಡದೆ ತಪ್ಪಿಸಿಕೊಳ್ಳಲು ಒಂದು ಸುಳ್ಳನ್ನೂ ಹೇಳಿದೆ.

ನಾವಿದ್ದದ್ದು ದಾದರಿನ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ. ಉದ್ದಕ್ಕೆ ಒಂದು ಗ್ಯಾಲರಿ, ಅದಕ್ಕೆ ಬಾಗಿಲು ತೆರೆದ ಹದಿನಾಲ್ಕು ಖೋಲಿಗಳು, ತುದಿಯಲ್ಲಿ ಎಲ್ಲರಿಗೂ ಸೇರಿದ ಸಂಡಾಸು, ಅಂದರೆ ಕಕ್ಕಸು, ಮತ್ತು ನೀರಿನ ನಲ್ಲಿ. ಖೋಲಿ ಅಂದರೆ ಒಂದೇ ಕೋಣೆ. ಮೂಲೆಯಲ್ಲಿ ಮೊಳಕಾಲೆತ್ತರ ಕಟ್ಟೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅಲ್ಲೇ.

ಆ ಖೋಲಿ ನನ್ನದಲ್ಲ, ಅಕ್ಕನ ಗಂಡನದು. ಭಾವ ಬಟ್ಟೆ ಗಿರಣಿಯಲ್ಲಿ ಮಗ್ಗದ ಮೇಲಿದ್ದ. ನಮ್ಮವ್ವ ತೀರಿಕೊಂಡ ವರ್ಷ ಅಕ್ಕ ಬಾಗಲಕೋಟೆ ಕಡೆಯ ನಮ್ಮ ಹಳ್ಳಿಗೆ ಬಂದು, ಒಂಬತ್ತು ವರ್ಷದ ನನ್ನನ್ನು ತನ್ನ ಜೊತೆ ಕರೆದುಕೊಂಡು ಹೋದಳು. ನನಗಿಂತ ಹದಿನಾರು ವರ್ಷ ದೊಡ್ಡವಳು. ಅವಳಿಗೆ ಮಕ್ಕಳಾಗಲಿಲ್ಲ. ನನ್ನನ್ನು ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಹಾಕಿದಳು. ನಾಲ್ಕನೇ ಇಯತ್ತೆ ಮುಗಿಸಿ ನಾನೇ ಬಿಟ್ಟೆ. ನಾನು ಗಾರೆ ಕೆಲಸ ಕಲಿತದ್ದು, ಮದುವೆಯಾದದ್ದು, ನನ್ನ ಇಬ್ಬರು ಮಕ್ಕಳು ಹುಟ್ಟಿದ್ದು ಎಲ್ಲ ಆ ಖೋಲಿಯಲ್ಲೇ. ಭಾವ ಸತ್ತ ಮೇಲೆ ಬಾಡಿಗೆಯ ರಸೀದಿ ನನ್ನ ಹೆಸರಿಗಾಗಲಿ ಎಂದು ಹಠ ಹಿಡಿದವಳೂ ಅವಳೇ.

“ಹೆಂಗಸಿನ ಹೆಸರಿಲೆ ಇದ್ರ ನಾಳೆ ಯಾರರ ಹೊರಗ ಹಾಕ್ಯಾರು. ನಿನ್ನ ಹೆಸರಿಲೆ ಇರ್ಲಿ, ನಾ ನಿನ್ನ ಬೆನ್ನಿಗಿರ್ತೇನಿ” ಎಂದು ಹೆಬ್ಬೆಟ್ಟು ಒತ್ತಿದಳು.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಅಕ್ಕನಿಗೆ ಅರವತ್ತು ದಾಟಿತ್ತು. ಮೊಣಕಾಲು ಹಿಡಿದುಕೊಂಡಿದ್ದವು, ಸೊಂಟ ಬಗ್ಗುತ್ತಿರಲಿಲ್ಲ. ಮೋರಿಯ ಕಟ್ಟೆ ದಾಟಲು ಅದರ ಮೇಲೆ ಕೂತು, ಒಂದೊಂದೇ ಕಾಲು ಒಳಗೆ ತೆಗೆದುಕೊಳ್ಳುತ್ತಿದ್ದಳು. ಅದು ಹೇಗೋ ನಡೆಯುತ್ತಿತ್ತು. ಅವಳನ್ನು ಸೋಲಿಸಿದ್ದು ಬಾಗಿಲಿನ ಹೊಸ್ತಿಲು. ಗ್ಯಾಲರಿಯಲ್ಲಿ ಬೀಳುವ ಮಳೆನೀರು ಒಳಗೆ ಬಾರದಿರಲೆಂದು ಹಿಂದಿನವರು ಒಂದು ಗೇಣು ಎತ್ತರದ ಸಾಗವಾನಿ ತೊಲೆಯನ್ನೇ ಕೂರಿಸಿದ್ದರು. ಬೇರೆ ಖೋಲಿಯವರು ಅದರ ಮೇಲೆ ಕಾಲಿಟ್ಟು ಹಾಯುತ್ತಿದ್ದರು. ಮಕ್ಕಳು ಅದರ ಮೇಲೆ ಕೂತು ತಿನ್ನುತ್ತಿದ್ದರು. ಅಕ್ಕ ಹಾಗಲ್ಲ. ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಮೂರು ಬೆರಳು ವಿಭೂತಿ ಎಳೆದು ಒಂದು ಹೂವಿಡುವವಳು. ಹೊಸ್ತಿಲು ತುಳಿಯಬಾರದು ಎಂಬುದು ಅವಳ ಮೈಗೇ ಹತ್ತಿದ್ದ ಮಾತು.

ಹಾಗಾಗಿ ದಾಟಲೇಬೇಕು. ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿಯುತ್ತಿದ್ದಳು. ಬಲಗೈಯಲ್ಲಿ ಮೊಣಕಾಲಿನ ಹತ್ತಿರ ಸೀರೆಯನ್ನು ಮುಷ್ಟಿ ಮಾಡಿ ಹಿಡಿದು, ಸೀರೆಯ ಜೊತೆಗೇ ಕಾಲನ್ನೂ ಎತ್ತಿ ಆಚೆ ಹಾಕುತ್ತಿದ್ದಳು. ಆಮೇಲೆ ಇನ್ನೊಂದು ಕಾಲು. ಸಂಡಾಸಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ. ನಲ್ಲಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ.

ಪಕ್ಕದ ಖೋಲಿಯ ಮರಾಠಿ ಹೆಂಗಸನ್ನು ಇಡೀ ಮಾಳಿಗೆ ಮಾವಶಿ ಎಂದು ಕರೆಯುತ್ತಿತ್ತು. ಅವಳದು ದೊಡ್ಡ ಬಾಯಿ. ಅಕ್ಕನ ಜೊತೆ ಇಪ್ಪತ್ತು ವರ್ಷ ಇದ್ದು ಅರ್ಧ ಮರಾಠಿ ಅರ್ಧ ನಮ್ಮ ಕನ್ನಡ ಮಾತಾಡುತ್ತಿದ್ದಳು.

“ಏನ ಬಾಯಿ, ಕುದರಿ ಹತ್ತಾಕತ್ತೀ?” ಎಂದು ಗ್ಯಾಲರಿಯಿಂದ ಕೂಗುವಳು.

“ಹೂಂ. ಬಾ, ನೀನೂ ಹಿಂದ ಕುಂದರು. ಇಬ್ರೂ ಕೂಡಿ ಪಂಢರಪುರಕ್ಕ ಹೋಗೂಣು” ಎನ್ನುವಳು ಅಕ್ಕ. ನಗುತ್ತಲೇ ಹೇಳುವಳು, ಆದರೆ ಆಚೆ ಕಾಲಿಟ್ಟ ಮೇಲೆ ಸ್ವಲ್ಪ ಹೊತ್ತು ಚೌಕಟ್ಟು ಬಿಡುತ್ತಿರಲಿಲ್ಲ.

ಆ ವರ್ಷ ದಾದರಿನಲ್ಲೇ ಒಂದು ಬಿಲ್ಡಿಂಗಿನಲ್ಲಿ ನನಗೆ ಬೇರೆ ಥರದ ಕೆಲಸ ಸಿಕ್ಕಿತು. ಆ ಮನೆಯ ಸಾಹೇಬರಿಗೆ ಎಂಬತ್ತು ದಾಟಿದ ತಾಯಿ. ಅವರು ಬಿದ್ದಾರು ಎಂಬ ಹೆದರಿಕೆಗೆ ಇಡೀ ಮನೆಯನ್ನು ಅವರ ಕಾಲಿಗೆ ತಕ್ಕಂತೆ ಮಾಡಬೇಕಿತ್ತು. ಮೆಟ್ಟಿಲು ಇದ್ದಲ್ಲಿ ಅರ್ಧ ಮೆಟ್ಟಿಲು ಸೇರಿಸಿದೆ. ಸ್ನಾನದ ಜಾಗದ ನುಣುಪು ಕಲ್ಲಿಗೆ ಉಳಿಯಿಂದ ಸಾಲುಸಾಲು ಪೆಟ್ಟು ಹಾಕಿ ಕಾಲು ಜಾರದಂತೆ ಒರಟು ಮಾಡಿದೆ. ಗೋಡೆಗೆ ಕಬ್ಬಿಣದ ಪೈಪು ಕೂರಿಸಿದೆ. ಪೈಪಿನ ಎತ್ತರಕ್ಕೆ ಮೇಸ್ತ್ರಿ ಒಂದು ಲೆಕ್ಕ ಕಲಿಸಿದ: ಮನುಷ್ಯ ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿ.

ಇದನ್ನೆಲ್ಲ ನಾನು ಊಟಕ್ಕೆ ಕೂತಾಗ ದೊಡ್ಡದಾಗಿ ಹೇಳಿಕೊಂಡೆ. ಮಕ್ಕಳನ್ನು ನಿಲ್ಲಿಸಿ ಅವರ ಮಣಿಕಟ್ಟು ಅಳೆದು ತೋರಿಸಿದೆ.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು: “ಆ ಅಜ್ಜಿ ಏನಂದ್ಲು?”

“ಏನಂತಾಳ? ಪೈಪ್ ಹಿಡಕೊಂಡು ನಾಕ್ ಸಲ ಒಳಗ ಹೊರಗ ಅಡ್ಡಾಡಿದ್ಲು, ಸಣ್ಣ ಹುಡುಗಿ ಹಂಗ.”

ಅಕ್ಕ ಮತ್ತೆ ರೊಟ್ಟಿಗೆ ಕೈ ಹಾಕಿದಳು. ಮರುದಿನ ನಾನು ಕೆಲಸಕ್ಕೆ ಹೊರಟಾಗ ಬಾಗಿಲ ಹತ್ತಿರ ನಿಂತಿದ್ದಳು.

“ತಮ್ಮಾ, ಹೊಸ್ತಿಲಾ ಕೀಳೂದು ಬ್ಯಾಡ, ಅದು ಇರ್ಲಿ. ಈಕಡೆ ಒಂದ ಕಲ್ಲ, ಆಕಡೆ ಒಂದ ಕಲ್ಲ ಇಡು. ಮೊದಲ ಕಲ್ಲ ಮ್ಯಾಲ ನಿಂತ್ರ ಕಾಲು ಅಷ್ಟು ಎತ್ತೂದು ತಪ್ತೈತಿ. ತುಳಿಯೂದೂ ತಪ್ತೈತಿ.”

ಎಲ್ಲಿ ಎಷ್ಟು ಎಂದು ಅವಳು ಆಗಲೇ ಬೆರಳಿನಿಂದ ಅಳೆದಿಟ್ಟುಕೊಂಡಿದ್ದಳು. ಅವಳು ಹೇಳಿದ ಅಳತೆ ಸರಿಯಾಗಿಯೇ ಇತ್ತು.

“ನೋಡೂಣು” ಅಂದೆ.

ಎಂಟು ದಿನ ಬಿಟ್ಟು ಮತ್ತೆ ಕೇಳಿದಳು. ಆಗ ನಾನು ಆ ಸುಳ್ಳು ಹೇಳಿದೆ. “ಮಾಲೀಕನ ಮಂದಿಗೆ ಕೇಳೇನಕ್ಕಾ. ಗ್ಯಾಲರ್ಯಾಗ ಕಲ್ಲ ಇಡಾಕ ಬಿಡೂದಿಲ್ಲಂತ.”

“ಹಂಗಾರ ಬಿಡು. ಅವ್ರ ಕೂಡ ಜಗಳ ಬ್ಯಾಡ. ನಿನಗ ತ್ರಾಸ ಆಗಬಾರದು” ಅಂದಳು.

ನಾನು ಯಾರನ್ನೂ ಕೇಳಿರಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂಬುದನ್ನು ಹೇಳಬೇಕು. ಬೊರಿವಲಿಯಲ್ಲಿ ನಮ್ಮ ಮೇಸ್ತ್ರಿ ಹಿಡಿದಿದ್ದ ಹೊಸ ಬಿಲ್ಡಿಂಗಿನಲ್ಲಿ ನಾನೂ ಕೆಲಸಕ್ಕಿದ್ದೆ. ಅಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಳಗೇ ಸಂಡಾಸು ಇರುವ ಜಾಗ ಸಿಗುವಂತಿತ್ತು. ದಾದರಿನ ಖೋಲಿಯನ್ನು ಮಾಲೀಕನಿಗೆ ಬಿಟ್ಟುಕೊಟ್ಟರೆ ಸಿಗುವ ಹಣದಲ್ಲಿ ಅದು ಆಗುತ್ತಿತ್ತು. ಅವನ ಗುಮಾಸ್ತನ ಹತ್ತಿರ ಆ ಮಾತು ತೆಗೆದೂ ಇದ್ದೆ. ಹೆಂಡತಿಗೆ ಹೇಳಿದೆ. ಅವಳು ಮೊದಲು ಕೇಳಿದ್ದೇ “ಅಕ್ಕಾರು?” ಎಂದು.

“ಊರಾಗ ಕಾಕಾನ ಮಕ್ಕಳದಾರಲ್ಲ” ಅಂದೆ. ಹೊಸ ಜಾಗದಲ್ಲಿ ನಾವು ನಾಲ್ವರೇ ಇರಬೇಕು ಎಂಬುದು ನನ್ನ ಎಣಿಕೆ.

“ನೀವ ಹೇಳ್ರಿ ಹಂಗಾರ. ನಾ ಹೇಳಾಕಿ ಅಲ್ಲ.”

ಹೇಳಲು ನನಗೆ ಮುಖವಿರಲಿಲ್ಲ. ನನ್ನನ್ನು ಸಾಕಿದವಳಿಗೆ, ಅವಳದೇ ಖೋಲಿಯಿಂದ ಹೋಗು ಎಂದು ಹೇಗೆ ಹೇಳಲಿ? ಅದಕ್ಕೇ ನಾನು ಕಾದೆ. ಇದು ನನ್ನ ತಪ್ಪಿನ ತಿರುಳು. ಸಂಡಾಸಿಗೆ ಹೋಗಲು, ನೀರಿಗೆ ಹೋಗಲು ಹೀಗೇ ಕಷ್ಟವಾಗುತ್ತಾ ಹೋದರೆ ಒಂದು ದಿನ ಅವಳೇ ಸೋತು “ಈ ಮುಂಬಯಿ ಸಾಕಾತು ತಮ್ಮಾ, ನನ್ನ ಊರಿಗೆ ಕಳಸು” ಎನ್ನುತ್ತಾಳೆ ಎಂದು ಎಣಿಸಿದ್ದೆ. ಕಲ್ಲು ಇಟ್ಟರೆ ಅವಳು ಇನ್ನೂ ಹತ್ತು ವರ್ಷ ಅಲ್ಲಿ ಆರಾಮಾಗಿ ಇರುವಳು. ಅವಳು ಸೀರೆ ಹಿಡಿದು ಕಾಲೆತ್ತುವಾಗ ಮುಖ ಕಿವುಚಿದರೆ ನನಗೆ ಸಂಕಟವಾಗುತ್ತಿತ್ತು, ಅದರ ಜೊತೆಗೇ ಇವತ್ತು ಹೇಳುತ್ತಾಳೇನೋ ಎಂಬ ಆಸೆಯೂ. ಎರಡೂ ಇದ್ದವು. ಒಂದೇ ಇತ್ತು ಎಂದರೆ ಮತ್ತೊಂದು ಸುಳ್ಳಾಗುತ್ತದೆ.

ನನ್ನ ಹೆಂಡತಿ ಇದರಲ್ಲಿಲ್ಲ. “ಎರಡ ಕಲ್ಲ ಇಟ್ರ ನಿಮ್ಮ ಕೈ ಏನ ಸವದ ಹೋಗ್ತಾವನ್ರಿ?” ಎಂದು ಅವಳು ನನ್ನನ್ನು ಚುಚ್ಚಿದ್ದಳು. ಬೊರಿವಲಿಯ ಆ ಹೊಸ ಜಾಗದ ಬಾಗಿಲಿಗೆ ಪಟ್ಟಿ ಕೂರಿಸಿದವನೂ ನಾನೇ. ಒಂದು ಬೆರಳು ದಪ್ಪದ ಕಲ್ಲುಪಟ್ಟಿ, ಅಷ್ಟೇ. ಎಂಥ ಮುದುಕರೂ ಹಾಯಬಹುದು. ಸಂಡಾಸು ಹತ್ತು ಹೆಜ್ಜೆಯ ಒಳಗೆ. ಅಕ್ಕನ ಕಾಲಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಪಟ್ಟಿಯ ಮಟ್ಟ ನೋಡುತ್ತಾ ಕೂತಾಗ ಒಂದು ಸಲವೂ ಅವಳ ಕಾಲು ನನ್ನ ಕಣ್ಣಿಗೆ ಬರಲಿಲ್ಲ.

ಜೂನ್ ಕಳೆದು ಮಳೆ ಹಿಡಿದಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಒಳಗೆ ಕನ್ನಡಿ ಮುಂದೆ ದಾಡಿ ಮಾಡಿಕೊಳ್ಳುತ್ತಿದ್ದೆ. ಮಾಲೀಕನ ಗುಮಾಸ್ತ, ಎಲ್ಲರೂ ಮೆಹ್ತಾಜಿ ಎನ್ನುವ ಗುಜರಾತಿ ಮುದುಕ, ಗ್ಯಾಲರಿಯಲ್ಲಿ ಒಂದೊಂದೇ ಬಾಗಿಲಿಗೆ ಬರುತ್ತಿದ್ದ. ಅಕ್ಕ ಅವನಿಗಾಗಿಯೇ ಹೊರಗೆ ನಿಂತಿದ್ದಳು. ತನ್ನ ಹರಕು ಹಿಂದಿಯಲ್ಲಿ ಅವನನ್ನು ಬೇಡಿಕೊಂಡಳು. ನೀವು ಕಲ್ಲು ಬೇಡ ಅಂದಿರಂತೆ, ನನ್ನ ಕಾಲು ನೋಡಿ, ಸೇಠಜಿಗೆ ಇನ್ನೊಮ್ಮೆ ಹೇಳಿ, ಹೊರಗಿನದು ಬೇಡವಾದರೆ ಒಳಗಿನದೊಂದಾದರೂ ಇಡಲು ಬಿಡಿ ಎಂದು.

“ಕೌನ್‌ಸಾ ಪತ್ಥರ್?” ಎಂದ ಮೆಹ್ತಾಜಿ. ಯಾವ ಕಲ್ಲು? ಯಾರೂ ಕೇಳಿಲ್ಲವಲ್ಲ. ಆಮೇಲೆ ತಾನಾಗಿ ಸೇರಿಸಿದ: “ಅಬ್ ಕಾಯ್‌ಕೋ ಪತ್ಥರ್? ತುಮ್ಹಾರಾ ಭಾಯಿ ತೋ ಖೋಲಿ ಖಾಲಿ ಕರ್ನೇವಾಲಾ ಹೈ.” ನಿನ್ನ ತಮ್ಮ ಖೋಲಿ ಖಾಲಿ ಮಾಡುತ್ತಿದ್ದಾನೆ, ಇನ್ನು ಕಲ್ಲು ಯಾತಕ್ಕೆ?

ನನ್ನ ಕೈಯ ಬ್ಲೇಡು ಕೆನ್ನೆಯ ಮೇಲೆಯೇ ನಿಂತಿತು. ಅಕ್ಕ ಬಾಗಿಲ ಕಡೆ ತಿರುಗಿದಳು. ಚೌಕಟ್ಟು ಹಿಡಿದಳು. ಸೀರೆ ಹಿಡಿಯಲಿಲ್ಲ. ಬಲಗಾಲನ್ನು ಎತ್ತಿ ನೇರವಾಗಿ ಹೊಸ್ತಿಲಿನ ಮೇಲಿಟ್ಟಳು. ಬೆಳಿಗ್ಗೆ ತಾನೇ ಎಳೆದಿದ್ದ ವಿಭೂತಿಯ ಮೇಲೆ. ಇಷ್ಟು ವರ್ಷದಲ್ಲಿ ಅವಳ ಪಾದ ಅಲ್ಲಿ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಬಂದು ಗೋಡೆಗೊರಗಿ ಕೂತಳು.

“ಅಕ್ಕಾ, ಹೊಸ್ತಿಲಾ…” ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ಯಾರ ಹೊಸ್ತಿಲಾ?” ಅಂದಳು. ಅಷ್ಟೇ ಅಂದಳು.

ಅವತ್ತಿನಿಂದ ಹೊಸ್ತಿಲು ತೊಳೆಯುವುದನ್ನು ಬಿಟ್ಟಳು. ಹೂವಿಲ್ಲ, ವಿಭೂತಿಯಿಲ್ಲ. ಹೋಗುವಾಗ ಬರುವಾಗ ಅದರ ಮೇಲೆ ಕಾಲಿಟ್ಟೇ ಹೋದಳು, ಬಂದಳು. ನನ್ನ ಜೊತೆ ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ನಾನು ಬಾಯಿಬಿಟ್ಟು ಹೇಳಬಹುದಿತ್ತು. ಅವತ್ತು ಸಂಜೆಯೇ ಎರಡು ಕಲ್ಲು ತಂದು ಇಡಬಹುದಿತ್ತು. ಅವಳ ಸಿಟ್ಟು ಇಳಿಯಲಿ ಎಂದು ಸುಮ್ಮನಿದ್ದೆ.

ಆರನೆಯ ದಿನವೋ ಏಳನೆಯ ದಿನವೋ, ನಾನು ಬೊರಿವಲಿಯಲ್ಲಿ ಕೆಲಸದಲ್ಲಿದ್ದಾಗ ಅಕ್ಕ ಬಿದ್ದಳು. ಸಾಗವಾನಿ ಮರ ಇಷ್ಟು ವರ್ಷ ಸವೆದು ನಡುವೆ ತಗ್ಗಾಗಿ ನುಣುಪಾಗಿತ್ತು, ಮಳೆಯಲ್ಲಿ ತೊಯ್ದಿತ್ತು. ದಾಟುವುದು ಅವಳ ಮೈಗೆ ಗೊತ್ತಿತ್ತು, ತುಳಿಯುವುದು ಗೊತ್ತಿರಲಿಲ್ಲ. ಕಾಲು ಜಾರಿ ಗ್ಯಾಲರಿಯ ಕಡೆಗೆ ಬಿದ್ದಳು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಮಾವಶಿ ಮತ್ತು ನನ್ನ ಹೆಂಡತಿ ಬಾಗಿಲ ಹಲಗೆಯ ಮೇಲೆ ಮಲಗಿಸಿಕೊಂಡು, ನಾಲ್ಕು ಜನರ ಕೈಯಲ್ಲಿ ಕೆಳಗಿಳಿಸಿ ಸರಕಾರಿ ಆಸ್ಪತ್ರೆಗೆ ಒಯ್ದಿದ್ದರು.

ನಾನು ಹೋದಾಗ ಕಾಲಿಗೆ ತೂಕ ಕಟ್ಟಿ ನೇತುಹಾಕಿದ್ದರು. ಮಂಚದ ಕಾಲ ಬದಿ ಎತ್ತರವಾಗಲೆಂದು ಅದರ ಕೆಳಗೆ ಇಟ್ಟಿಗೆ ಕೊಟ್ಟಿದ್ದರು. ನಾನು ಆ ಇಟ್ಟಿಗೆಗಳನ್ನೇ ನೋಡುತ್ತಾ ನಿಂತೆ, ಅವಳ ಮುಖ ನೋಡಲಾಗದೆ.

ಅಷ್ಟು ದಿನದ ಮೇಲೆ ಅವಳೇ ಮೊದಲು ಮಾತಾಡಿದಳು. ಸಿಟ್ಟಿರಲಿಲ್ಲ ದನಿಯಲ್ಲಿ.

“ನೀ ‘ಹೋಗು’ ಅಂದಿದ್ರ ನಾ ಹೋಗ್ತಿದ್ನಲ್ಲೋ ತಮ್ಮಾ. ಅಳಕೋಂತರ ಹೋಗ್ತಿದ್ದೆ. ಕೇಳಾಕ ಬಾಯಿ ಇರಲಿಲ್ಲೇನು ನಿನಗ? ನನ್ನ ಕಾಲಿನ ಕೈಲೆ ಹೇಳಸಾಕ ಹತ್ತಿದ್ದಿ?”

 ಅಲ್ಲಿಯೇ, ಆ ಮಂಚದ ಹತ್ತಿರವೇ ಕ್ಷಮೆ ಕೇಳಬೇಕಿತ್ತು. “ಹಣ್ಣು ತರಲೇನು?” ಎಂದು ಕೇಳಿದೆ.

ಅವಳು ಎರಡು ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದಳು. ಬೊರಿವಲಿ ಬೇಡ ಎಂದು ಮೇಸ್ತ್ರಿಗೆ ಹೇಳಿದೆ. ಅದನ್ನು ತ್ಯಾಗ ಅನ್ನಲಾರೆ. ಅಲ್ಲಿಗೆ ಹೋಗಿ ಆ ಬಾಗಿಲು ಹಾಯಲು ನನ್ನಿಂದ ಆಗುತ್ತಿರಲಿಲ್ಲ. ಆಮೇಲೆ ಮೆಹ್ತಾಜಿಯ ಹತ್ತಿರ ಹೋಗಿ ಕಲ್ಲು ಇಡಲು, ಮೋರಿ ಒಡೆಯಲು, ಗ್ಯಾಲರಿಯ ಗೋಡೆಗೆ ಪೈಪು ಹಾಕಲು ಕೇಳಿದೆ. ಅವನು ಬರೆಯುವುದರಿಂದ ತಲೆ ಎತ್ತಲೂ ಇಲ್ಲ. “ಕೆಳಗಿನವರ ಮೇಲೆ ನೀರು ಸೋರಬಾರದು, ಅಷ್ಟೇ” ಅಂದ. ನಾನು ಕೇಳದೇ ಇದ್ದ ಮಾತಿಗೆ ಉತ್ತರ ಅಷ್ಟು ಸಲೀಸಾಗಿತ್ತು.

ಹೊಸ್ತಿಲನ್ನು ಕೀಳಲಿಲ್ಲ. ಅಕ್ಕ ಕೇಳಿದ ಹಾಗೆಯೇ ಈಚೆ ಒಂದು, ಆಚೆ ಒಂದು ಕಲ್ಲು ಕೂರಿಸಿದೆ, ಕೇಳಿದ್ದಕ್ಕಿಂತ ಅಗಲವಾಗಿ. ಮೋರಿಯ ಕಟ್ಟೆಯನ್ನು ಒಡೆದು ಎರಡು ಬೆರಳಿಗೆ ಇಳಿಸಿ, ನೀರು ಹೊರಗೆ ಹರಿಯದ ಹಾಗೆ ನೆಲಕ್ಕೆ ಇಳಿಜಾರು ಕೊಟ್ಟೆ. ಕಲ್ಲಿಗೆ ಉಳಿಪೆಟ್ಟು ಹಾಕಿದೆ. ಕೂತು ಮೈತೊಳೆದುಕೊಳ್ಳಲು ಗಟ್ಟಿಯಾದ ಮಣೆ ಮಾಡಿಸಿದೆ. ಸಂಡಾಸಿನಲ್ಲಿ ಎದ್ದೇಳಲು ಹಿಡಿಕೆ, ಕುಕ್ಕರುಗಾಲಿನಲ್ಲಿ ಕೂರಲಾಗದವರಿಗೆ ನಡುವೆ ತೂತಿರುವ ಮರದ ಕುರ್ಚಿ. ಗ್ಯಾಲರಿಯ ಉದ್ದಕ್ಕೂ ಪೈಪು. ಮೆಟ್ಟಿಲಿನ ಅಂಚು ಕಾಣಲೆಂದು ಒಂದೊಂದಕ್ಕೂ ಸುಣ್ಣದ ಗೆರೆ ಎಳೆದೆ. ಕೆಲಸ ಮುಗಿಸಿ ಬಂದು ಸಂಜೆ ಮಾಡಿದೆ, ಭಾನುವಾರ ಮಾಡಿದೆ.

ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತು ತಂದರು. ಕೋಲು ಹಿಡಿದು ಎದ್ದು ನಿಂತಳು. ಪೈಪಿಗೆ ಕೈ ಚಾಚಿದಳು. ಪೈಪು ಎತ್ತರವಾಗಿತ್ತು. ನನ್ನ ನೆನಪಿನಲ್ಲಿದ್ದ ಅಕ್ಕನ ಎತ್ತರಕ್ಕೆ ನಾನು ಅದನ್ನು ಹಾಕಿದ್ದೆ. ಆಸ್ಪತ್ರೆಯಿಂದ ಬಂದವಳು ನಾಲ್ಕು ಬೆರಳು ಗಿಡ್ಡಾಗಿದ್ದಳು.

ಮರುದಿನ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಕೈ ಇಳಿಬಿಡಲು ಹೇಳಿದೆ. ಮಣಿಕಟ್ಟಿನ ಹತ್ತಿರ ಗೋಡೆಗೆ ಸೀಮೆಸುಣ್ಣದಿಂದ ಗುರುತು ಮಾಡಿದೆ. ಅವಳ ಕೈ ನನ್ನ ಕೈಗೆ ತಾಗಿತು. ಅವಳು ಸರಿಸಿಕೊಳ್ಳಲಿಲ್ಲ. ಪೈಪೆಲ್ಲ ಕಿತ್ತು ಮತ್ತೆ ಕೂರಿಸಿದೆ. ಆಗಲೂ ನಾನು ತಪ್ಪಾಯಿತು ಎಂಬ ಮಾತು ಆಡಲಿಲ್ಲ.

ಅಲ್ಲಿಂದ ಇನ್ನೊಂದು ಶಿಕ್ಷೆ ಶುರುವಾಯಿತು. ಚಾಳಿನವರು ಬಂದು ಬಂದು ನೋಡಿದರು. ತಮ್ಮ ಅಂದರೆ ಹೀಗಿರಬೇಕು ಎಂದರು. ಕೆಳಗಿನ ಮಾಳಿಗೆಯವರು ತಮ್ಮ ತಾಯಿಗೆ, ಅತ್ತೆಗೆ ಅಂಥದ್ದೇ ಮಾಡಿಕೊಡು ಎಂದು ಕರೆದರು. ಹೋಗಿ ಮಾಡಿದೆ. ಹೊಗಳುವಾಗೆಲ್ಲ ಅಕ್ಕ ಅಲ್ಲೇ ಕೂತಿರುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ. ಒಂದು ಮಾತು ಅವಳು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನನ್ನ ಸುಳ್ಳು ಅವಳ ಮಡಿಲಲ್ಲಿ ಭದ್ರವಾಗಿತ್ತು. ಅದು ನನ್ನ ಮೇಲಿನ ಪ್ರೀತಿಯೋ, ಇಂಥ ತಮ್ಮನ ವಿಷಯ ಜನಕ್ಕೆ ತಿಳಿಯಬಾರದೆಂಬ ನಾಚಿಕೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೀಗೇ ಒಂದು ವರ್ಷ ಹೋಯಿತು. ಮಾವಶಿಗೂ ಮೊಣಕಾಲು ನೋವು ಶುರುವಾಗಿ, ಅವಳ ಬಾಗಿಲಿಗೆ ನಾನು ಕಲ್ಲು ಕೂರಿಸುತ್ತಿದ್ದೆ. ಅಕ್ಕ ಗ್ಯಾಲರಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ನನ್ನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು.

ಮಾವಶಿ ಸೊಂಟದ ಮೇಲೆ ಕೈಯಿಟ್ಟು ಅಕ್ಕನಿಗೆ ಅಂದಳು: “ಎಷ್ಟ ಪುಣ್ಯಾ ಮಾಡಿದ್ದೀ ಬಾಯಿ. ನನ್ನ ಹೊಟ್ಟಿಲೆ ಹುಟ್ಟಿದವ್ರು ಗ್ವಾಡಿಗೆ ಒಂದ ಮೊಳಿ ಹೊಡ್ಯಾಕ ನಾಕ ತಿಂಗಳ ಮಾಡ್ತಾರ. ನಿನ್ನ ತಮ್ಮ ಇಡೀ ಚಾಳನ್ನ ನಿನ್ನ ಕಾಲಿಗೆ ತಕ್ಕಂಗ ಮಾಡ್ಯಾನ.”

ಅಕ್ಕ ಚಾಪೆಯ ಅಂಚಿನ ಎಳೆ ಸರಿಪಡಿಸಿದಳು.

“ನೋಡು, ಒಮ್ಮೆರ ‘ನನ್ನ ತಮ್ಮ ಚಲೋ’ ಅಂದೀ ಏನ ನೀ? ಒಂದ ವರ್ಷಾತು, ನಾ ಕೇಳೇ ಇಲ್ಲ. ಗರ್ವ ಬಂದೈತಿ ನಿನಗ. ಮಾಡಿದ್ದರ ಕಿಮ್ಮತ್ತ ಇಲ್ಲ.”

ಅಕ್ಕ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಅಂದಳು: “ಹೌದವ್ವಾ. ನನ್ನ ಬಾಯಿನ ಬಿರಸು. ಮೊದಲಿನಿಂದ್ಲೂ ಹಂಗ.”

ತನ್ನ ಮೇಲೆ ಹಾಕಿಕೊಂಡಳು. ಮಾಡಿದ್ದಕ್ಕೆ ಬೆಲೆ ತಿಳಿಯದವಳು ಎಂಬ ಮಾತನ್ನೂ ನನಗಾಗಿ ಹೊತ್ತಳು. ನನ್ನ ಕೈಯಲ್ಲಿದ್ದ ಕರಣಿಯನ್ನು ಗಾರೆಯಲ್ಲೇ ಬಿಟ್ಟು ಎದ್ದೆ. ಮಾವಶಿಗೆ ಅವಳ ಮರಾಠಿಯಲ್ಲೇ ಹೇಳಿದೆ, ಆ ಮಾಳಿಗೆಯವರೆಲ್ಲರಿಗೂ ತಿಳಿಯಲಿ ಎಂದು: ಇವಳು ಬೀಳುವ ಮೊದಲು ಕೇಳಿದ್ದು ಎರಡೇ ಕಲ್ಲು, ನಾನು ಇಡಲಿಲ್ಲ, ಮಾಲೀಕ ಬೇಡ ಅಂದ ಎಂದು ಸುಳ್ಳು ಹೇಳಿದೆ ಎಂದು. ಮಾವಶಿಯ ಕೈ ಸೊಂಟದಿಂದ ಕೆಳಗಿಳಿಯಿತು. ಹೆಂಡತಿ ಹಿಂಡಿದ ಬಟ್ಟೆ ಹಿಡಿದುಕೊಂಡೇ ನಿಂತಳು.

ಆಮೇಲೆ ಚಾಪೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತೆ. ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ಆದರೂ ಹೇಳಿದೆ:

“ಅಕ್ಕಾ, ಮಾಲೀಕ ಬ್ಯಾಡ ಅಂದಿರಲಿಲ್ಲ. ನಾ ಕೇಳೇ ಇರಲಿಲ್ಲ. ನೀ ಬ್ಯಾಸತ್ತು ನೀನಾಗೇ ಊರಿಗೆ ಹೋಗಲಿ ಅಂತ ಕಾಯಾಕತ್ತಿದ್ದೆ. ನಿನ್ನ ಖೋಲಿ ನಿನಗ ಹೇಳದ ಬಿಡಾಕ ಹೊಂಟಿದ್ದೆ. ನಿನ್ನ ಕಾಲ ಮುರದಾಂವ ನಾನ. ಆಸ್ಪತ್ರ್ಯಾಗರ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತಕ್ಕಾ. ನನ್ನದು ತಪ್ಪಾತು.”